ದಾರ ಕಟ್ಟದ ಕಿವಿ

ತುಂಗಭದ್ರೆ ದಂಡೆಯಲ್ಲಿ ಮೌನೇಶಾಚಾರ್ರ ಚಪ್ಪರ ಈಗಿಲ್ಲ. ಅದರ ಒಂದು ಕಂಬ ಉಳಿದಿದೆ. ಅದಕ್ಕೆ ಯಾರೋ ಎಮ್ಮೆ ಕಟ್ಟುತ್ತಾರೆ.

ಆ ಕಡೆ ಹೋದಾಗೆಲ್ಲ ನಾನು ಕಂಬವನ್ನು ಒಂದ್ಸಲ ಸವರಿ ನೋಡುತ್ತೇನೆ. ಎಮ್ಮೆ ನನ್ನನ್ನು ನೋಡುತ್ತದೆ.

ಆಚಾರ್ರು ಕಿವಿ ಚುಚ್ಚುವವರು. ಒಂಬತ್ತನೇ ಕ್ಲಾಸಿನಲ್ಲಿ ಶಾಲೆಯೂ ನಾನೂ ಒಬ್ಬರನ್ನೊಬ್ಬರು ಬಿಟ್ಟ ಮೇಲೆ ಅವರ ಶಿಷ್ಯನಾದೆ. ನನ್ನ ಕೆಲಸ ಕೂಸುಗಳ ಮುಂದೆ ಮಂಗನ ಮುಖ ಮಾಡುವುದು. ಕೂಸು ನಗುವಷ್ಟರಲ್ಲಿ ಆಚಾರ್ರ ಕೆಲಸ ಮುಗಿದಿರುತ್ತಿತ್ತು.

ಒಂದು ಕಿವಿಗೆ ಒಂದು ಸೂಜಿ. ಸೀಲು ಒಡೆಯದ ಪ್ಯಾಕೆಟ್ಟಿನದು. ಆಮೇಲೆ ಅದು ಬಿಸಾಡುವ ಸೂಜಿಗಳ ತಗಡಿನ ಡಬ್ಬಿಗೆ.

ಚುಚ್ಚಿದ ಮೇಲೆ ಆಚಾರ್ರು ಕಂಬಕ್ಕೊಂದು ಬಿಳಿ ದಾರ ಕಟ್ಟುತ್ತಿದ್ದರು. ಎರಡು ತಿಂಗಳಿಗೆ ಚುಚ್ಚಿಸಿಕೊಂಡವರು ವಾಪಸ್ ಬಂದು ಕಿವಿ ತೋರಿಸಬೇಕು. ಗಾಯ ಒಣಗಿದ್ದರೆ ದಾರ ಬಿಚ್ಚುವುದು. ಬರದಿದ್ದವರ ಮನೆಗೆ ಆಚಾರ್ರೇ ಹೋಗುತ್ತಿದ್ದರು.

"ಚುಚ್ಚಿದ್ದು ಅವತ್ತೇ ಮುಗೀತಲ್ಲ ಅಜ್ಜ?" ಅಂದೆ.

"ಅವತ್ತು ತೂತು ಬಿದ್ದಿದ್ದು ಅಷ್ಟೇ."

"ನಾನು ಯಾವಾಗ ಚುಚ್ಚೋದು?"

"ಕೈ ತೊಳ್ಕೊಂಡ್ಯಾ?"

ವರ್ಷವಿಡೀ ಕೇಳಿದೆ. ವರ್ಷವಿಡೀ ಅದೇ ಮಾತು.

ಒಂದಿನ ನನ್ನ ಗೆಳೆಯ ತಿಪ್ಪೇಶ ಬಂದ. ಅವನಿಗೆ ಕಿವಿಯ ಮೇಲ್ತುದಿಗೆ ರಿಂಗ್ ಬೇಕಿತ್ತು. ಅಕ್ಕನ ಮದುವೆ ಫೋಟೋದಲ್ಲಿ ಮಿಂಚಬೇಕಂತೆ.

ಆಚಾರ್ರು ಅವನ ಕಿವಿ ಹಿಡಿದು ನೋಡಿದರು. "ಇದು ಗಟ್ಟಿ ಜಾಗ. ಕೀವು ಹಿಡಿದ್ರೆ ಕಿವಿನೇ ಮುರುಟ್ಕೊಂಡು ಹೋಗ್ತದೆ. ಪೇಟೆಯಲ್ಲಿ ಇದನ್ನೇ ಕಲಿತ ಹೆಣ್ಮಗಳು ಒಬ್ಬಳಿದಾಳೆ. ಅವಳ ಹತ್ರ ಹೋಗು."

"ನಿಮಗೆ ಬರಲ್ವಾ?" ಅಂದ ತಿಪ್ಪೇಶ.

"ಬರಲ್ಲ."

ಐವತ್ತು ವರ್ಷ ಕಿವಿ ಚುಚ್ಚಿದ ಮನುಷ್ಯ ಬರಲ್ಲ ಅಂದದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನ ಆಚಾರ್ರು ಊರಲ್ಲಿರಲಿಲ್ಲ. ಹೊಸ ಪ್ಯಾಕೆಟ್ ಒಡೆದರೆ ಗೊತ್ತಾಗುತ್ತದೆ ಅಂತ ನಾನು ತಗಡಿನ ಡಬ್ಬಿಯಿಂದ ಒಂದು ಸೂಜಿ ಆರಿಸಿದೆ. ಅಂಗಿಗೆ ಒರೆಸಿದೆ. ತಿಪ್ಪೇಶನ ಕಿವಿಗೆ ಚುಚ್ಚಿದೆ.

ಕಂಬಕ್ಕೆ ದಾರ ಕಟ್ಟಲಿಲ್ಲ. ಕಟ್ಟಿದರೆ ಸಿಕ್ಕಿಬೀಳುತ್ತಿದ್ದೆ.

"ದಿನಾ ರಿಂಗ್ ತಿರುಗಿಸ್ತಿರು," ಅಂತ ದೊಡ್ಡ ಡಾಕ್ಟರ ಹಾಗೆ ಹೇಳಿ ಕಳಿಸಿದೆ.

ಐದನೇ ದಿನ ಕಿವಿ ಊದಿತು. "ಲೇ, ಮೈಸೂರು ಬೋಂಡ ಆಗೇತಿ," ಅಂದೆ. ತಿಪ್ಪೇಶನೂ ನಕ್ಕ.

ಎಂಟನೇ ದಿನ ಜ್ವರ ಬಂದು ಅವನು ನಗುವುದನ್ನು ಬಿಟ್ಟ. ನಾನು ಓಡಿಹೋಗಿ ಆಚಾರ್ರಿಗೆ ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಚಪ್ಪಲಿ ಮೆಟ್ಟಿದರು. ತಿಪ್ಪೇಶನನ್ನು ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನಾಲ್ಕು ದಿನ ಅವನ ಮಂಚದ ಪಕ್ಕದಲ್ಲೇ ಕೂತರು.

ಕಿವಿ ಉಳಿಯಿತು. ಅಂಚು ಮಾತ್ರ ಒಣಗಿದ ಎಲೆಯ ಹಾಗೆ ಸುರುಟಿಕೊಂಡಿತು. ಅಕ್ಕನ ಮದುವೆ ಫೋಟೋದಲ್ಲಿ ತಿಪ್ಪೇಶ ಒಂದೇ ಪಕ್ಕಕ್ಕೆ ತಿರುಗಿ ನಿಂತಿದ್ದಾನೆ.

ಊರಿಗೆ ಬಂದವರೇ ಆಚಾರ್ರು ಕಂಬದ ಹತ್ತಿರ ಹೋದರು. ಒಂದು ಬಿಳಿ ದಾರ ಕಟ್ಟಿದರು.

ನಾನು ನನ್ನ ಚೀಲ ಎತ್ತಿಕೊಂಡೆ. "ಹೊರಡ್ತೀನಿ ಅಜ್ಜ."

"ಇದನ್ನ ಬಿಚ್ಚೋರು ಯಾರು?"

ಚೀಲ ಕೆಳಗಿಟ್ಟೆ.

ಅವತ್ತಿನಿಂದ ದಿನಾ ಬೆಳಿಗ್ಗೆ ತಿಪ್ಪೇಶನ ಮನೆಗೆ ಹೋದೆ. ಡಾಕ್ಟರು ಹೇಳಿದ ಹಾಗೆ ಉಪ್ಪುನೀರಿನಿಂದ ಗಾಯ ತೊಳೆದೆ. ಅವನ ಅವ್ವ ಮೊದಲ ತಿಂಗಳು ನನ್ನ ಮುಖ ನೋಡಲಿಲ್ಲ. ಎರಡನೇ ತಿಂಗಳು ಬಾಗಿಲು ತೆರೆದೇ ಇಡುತ್ತಿದ್ದಳು. ಮೂರನೇ ತಿಂಗಳು ಮಂಡಕ್ಕಿ ಕೊಟ್ಟಳು.

ನಾಲ್ಕನೇ ತಿಂಗಳು ದಾರ ಬಿಚ್ಚಿದೆ. ಮಳೆ ಬಿಸಿಲಿಗೆ ಅದು ಕಂದಿಹೋಗಿತ್ತು. ಈಗಲೂ ನನ್ನ ಹತ್ತಿರ ಇದೆ.

ಆಮೇಲೆ ನಾನು ಯಾವಾಗ ಚುಚ್ಚೋದು ಅಂತ ಕೇಳುವುದನ್ನು ಬಿಟ್ಟೆ. ಕೂಸುಗಳ ಮುಂದೆ ಮಂಗನ ಮುಖ ಮಾಡಿಕೊಂಡು, ದಾರ ಕಟ್ಟಿಕೊಂಡು, ಬಿಚ್ಚಿಕೊಂಡು ಇದ್ದೆ.

ಇನ್ನೊಂದು ಬೇಸಿಗೆಗೆ ತಿಪ್ಪೇಶ ಬಂದು ಮಣೆ ಮೇಲೆ ಕೂತ. ಚೆನ್ನಾಗಿದ್ದ ಕಿವಿಯ ಹಾಲೆ ತೋರಿಸಿದ.

"ಇಲ್ಲಿಗೊಂದು ಚುಚ್ರಿ ಅಜ್ಜ. ಕೆಳಗೇನೇ."

ಆಚಾರ್ರು ಪ್ಯಾಕೆಟ್ ತೆಗೆದರು.

"ನೀವು ಬ್ಯಾಡ. ಈ ಮಂಗ್ಯಾನೇ ಚುಚ್ಚಲಿ," ಅಂದ ತಿಪ್ಪೇಶ. "ಕೆಟ್ರೆ ಜೋಡಿ ಆಗ್ತದೆ."

ಅವನು ನಕ್ಕ. ನನಗೆ ನಗು ಬರಲಿಲ್ಲ.

"ನೀವೇ ಚುಚ್ಚಿ ಅಜ್ಜ," ಅಂದೆ.

"ಯಾಕೆ?"

"ಹೆದರಿಕೆ ಆಗ್ತದೆ."

"ಹೋದ ಸಲ ಆಗಿತ್ತಾ?"

"ಇಲ್ಲ."

ಆಚಾರ್ರು ಪ್ಯಾಕೆಟ್ಟನ್ನು ಒಡೆಯದೆ ಮಣೆಯ ಪಕ್ಕ ಇಟ್ಟರು. ತಮ್ಮ ಜಾಗದಿಂದ ಎದ್ದು, ಕೂಸುಗಳ ಮುಂದೆ ನಾನು ಕೂರುವ ಜಾಗದಲ್ಲಿ ಹೋಗಿ ಕೂತರು.

"ಕೈ ತೊಳ್ಕೊಂಡು ಬಾ," ಅಂದರು.