ಬೂದಿಯಲ್ಲಿ ಮಲಗಿದ ಗಾಜು

ಒಂದಾನೊಂದು ರಾಜ್ಯ. ಎಂಥ ರಾಜ್ಯ ಅಂತೀರಿ, ಅಲ್ಲಿನ ದೊರೆ ಸೀನಿದರೆ ಮೂರು ಊರಾಚೆ ಮಾವಿನಕಾಯಿ ಉದುರುತ್ತಿದ್ದವು. ನಂಬದಿದ್ದರೆ ಆ ಉಪ್ಪಿನಕಾಯಿ ತಿಂದವರನ್ನು ಕೇಳಿ.

ಆ ರಾಜ್ಯದಲ್ಲಿ ನೀಲಗಂಗವ್ವ ಅಂತ ಒಬ್ಬಳಿದ್ದಳು. ಮನೆಮನೆಯಿಂದ ಬಳೆಚೂರು ಬೇಡಿ ತರುವಳು, ಕುಲುಮೆಯಲ್ಲಿ ಕರಗಿಸುವಳು, ಕೊಳವೆಯ ತುದಿಗೆ ಹಚ್ಚಿ ಊದುವಳು. ಗಿಳಿ ಮಾಡು ಅಂದರೆ ಗಿಳಿ ಮಾಡಳು. ಗಿಳಿ ಹಾರಿಹೋದ ಮೇಲೆ ಕೊಂಬೆ ತೂಗುತ್ತದಲ್ಲ, ಆ ತೂಗಾಟ ಮಾಡುವಳು. ಜನ ನಗುವರು, ನಕ್ಕು ಮತ್ತೆ ನೋಡಲು ಬರುವರು.

ರಾಜ್ಯಕ್ಕೆಲ್ಲ ಗಾಜಿನ ಕುಲುಮೆ ಅದೊಂದೇ. ಅದರ ಮೇಲೆ ಆಸ್ಥಾನದಲ್ಲಿದ್ದ ದುಂಡಪ್ಪನೆಂಬವನ ಕಣ್ಣು. ನೀಲಗಂಗವ್ವ ಅರಮನೆಗೆಂದು ಮೂರು ಶಿಲ್ಪ ಮಾಡಿ, ನಿಧಾನವಾಗಿ ಆರಲೆಂದು ಬಿಸಿಬೂದಿಯಲ್ಲಿ ಹೂತದ್ದೇ ತಡ, ಅವ ದೊರೆಯ ಬಳಿ ಓಡಿದ. ಮೂರೂ ತನ್ನವು, ಅವಳು ಬರೀ ಊದುವ ಆಳು ಅಂದ. ದೊರೆ ಕುಲುಮೆಗೇ ಬಂದು, ಸುಳ್ಳಾಡಿದವರು ಕುಲುಮೆ ಬಿಡಬೇಕು ಅಂದುಬಿಟ್ಟ.

ನೀಲಗಂಗವ್ವನಿಗೆ ಕುಲುಮೆ ಹೋದರೆ ಬಾಳೇ ಹೋದಂತೆ. ಬೂದಿಯನ್ನೊಮ್ಮೆ ನೋಡಿದಳು, ಮನಸ್ಸು ಗಟ್ಟಿ ಮಾಡಿದಳು.

"ದೊರೆಯೇ, ಮಾಡಿದವರಿಗೆ ತೆಗೆಯುವ ಹೊತ್ತೂ ಗೊತ್ತಿರುತ್ತದೆ. ದುಂಡಪ್ಪಣ್ಣನೇ ತೆಗೆದು ತೋರಿಸಲಿ."

"ಅದೇನು ಮಹಾ" ಅಂತ ದುಂಡಪ್ಪ ಇಕ್ಕಳ ಹಾಕಿ ಆಗಲೇ ಒಂದನ್ನು ಎತ್ತಿದ. ಗಾಳಿ ಸೋಕಿದ್ದೇ, ಟಣ್! ಎರಡು ಹೋಳು. ಗಾಳಿಯ ದೋಷ ಅಂದ. ಮರುದಿನ ಎರಡನೆಯದನ್ನು ತೆಗೆದು, ಬೇಗ ಆರಲಿ ಅಂತ ನೀರು ಸುರಿದ. ಪುಡಿಪುಡಿ. ನೀರಿನ ದೋಷ ಅಂದ. ಒಡೆದ ಚೂರುಗಳನ್ನು ನೀಲಗಂಗವ್ವ ಒಂದೊಂದಾಗಿ ಆಯ್ದಿಟ್ಟಳು. ಮೂರನೆಯದಕ್ಕೂ ಅವ ಕೈ ಹಾಕಹೋದಾಗ ದೊರೆಯೇ ತಡೆದ.

"ನೀನು ಹೇಳವ್ವ, ಯಾವಾಗ ತೆಗೆಯೋದು?"

"ಇನ್ನೆರಡು ದಿನ, ದೊರೆಯೇ. ಬೇಯುವ ತನಕ ಕಾದವರು ಆರುವ ತನಕ ಕಾಯಲಾರೆವೇ?"

ಕಾದರು. ಬೂದಿ ತಣ್ಣಗಾಯಿತು. ನೀಲಗಂಗವ್ವ ಬರಿಗೈಯಲ್ಲೇ ಶಿಲ್ಪವನ್ನೆತ್ತಿ ಬಿಸಿಲಿಗೆ ಹಿಡಿದಳು. ಕೂದಲೆಳೆಯಷ್ಟೂ ಬಿರುಕಿಲ್ಲ. ಹಸಿರು, ಕೆಂಪು, ಹಳದಿ ಬೆಳಕು ಗೋಡೆಯ ಮೇಲೆ ತೂಗಿತು. ನೋಡನೋಡುತ್ತ ದೊರೆಯ ತಲೆಯೂ ತೂಗಿತು, ಪ್ರಜೆಗಳ ತಲೆಯೂ ತೂಗಿತು, ಕೊನೆಗೆ ದುಂಡಪ್ಪನ ತಲೆಯೂ ತೂಗಿತು. ತೂಗಿದ ಮೇಲೆ ಬಗ್ಗಿತು.

ಕುಲುಮೆ ನೀಲಗಂಗವ್ವನದೇ ಅಂತ ಡಂಗುರ ಸಾರಿಸಿದರು. ದುಂಡಪ್ಪನಿಗೂ ಅಲ್ಲೇ ಕೆಲಸ ಸಿಕ್ಕಿತು: ಪ್ರತಿ ಶಿಲ್ಪ ಆರುವ ತನಕ ಬೂದಿಯ ಪಕ್ಕ ಕೈಕಟ್ಟಿ ಕೂರುವುದು. ಅಷ್ಟು ಸುಲಭದ ಕೆಲಸ ಅವನಿಗೆ ಇವತ್ತಿಗೂ ಸರಿಯಾಗಿ ಬಂದಿಲ್ಲವಂತೆ.

ಮಕ್ಕಳೇ, ತಿಳಿಯಿತೇ? ಇನ್ನೊಬ್ಬರು ಮಾಡಿದ್ದನ್ನು ಕದಿಯಬಹುದು, ಮಾಡುವವರ ತಾಳ್ಮೆಯನ್ನು ಕದಿಯಲಾಗದು.