ಗಿರಣಿಯ ಹಿಂದಿನ ಕೋಣೆ

‘ಗುರುಗಳೇ, ಒಂದು ಒಳ್ಳೆಯ ಕೆಲಸ ಆಗಬೇಕಾಗಿದೆ. ಅದಕ್ಕಾಗಿ ಮನೆಯಲ್ಲಿರುವ ಒಂದು ಸಂಗತಿಯನ್ನು ಒಂದು ದಿನದ ಮಟ್ಟಿಗೆ ಮರೆಯಲ್ಲಿಟ್ಟರೆ ತಪ್ಪಾಗುತ್ತದೆಯೇ?’

ಕೇಳಿದವನು ಮುರಿಗೆಪ್ಪ. ಮದುವೆಯಾಗಿ ಒಂಬತ್ತು ವರ್ಷವಾದರೂ ಅವನಿಗೆ ಮಕ್ಕಳಿರಲಿಲ್ಲ. ಗಂಡಹೆಂಡತಿ ಸೇರಿ ಮಗುವೊಂದನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದರು. ಮನೆ ನೋಡಿ ವರದಿ ಬರೆಯುವ ಅಧಿಕಾರಿ ಬರುವ ಸೋಮವಾರ ಬರುವವರಿದ್ದರು.

‘ಎಂಥ ಸಂಗತಿ?’ ಎಂದರು ಗುರುಗಳು.

‘ಅಂಥ ದೊಡ್ಡದೇನಲ್ಲ.’

‘ದೊಡ್ಡದಲ್ಲದಿದ್ದರೆ ಮರೆ ಯಾಕೆ? ಸಾಸಿವೆ ಕಾಳಿಗೆ ಯಾರೂ ಕಂಬಳಿ ಹೊದಿಸುವುದಿಲ್ಲ. ಇರಲಿ, ಕೂತುಕೋ.’

ಮುರಿಗೆಪ್ಪ ಕೂತ. ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಿರಣಿಯವನಿದ್ದ. ಊರಿನ ಜೋಳ, ಗೋಧಿ ಎಲ್ಲ ಅವನ ಗಿರಣಿಯಲ್ಲೇ ಹಿಟ್ಟಾಗುತ್ತಿತ್ತು. ಮನೆಯಲ್ಲಿ ಮೂವರಿದ್ದರು. ಅವನು, ಅವನ ಹೆಂಡತಿ ಮತ್ತು ಅವನ ಅಕ್ಕ.

ಅಕ್ಕನಿಗೆ ಮೂರ್ಛೆ ರೋಗ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ನಿಂತಲ್ಲೇ ಬೀಳುತ್ತಿದ್ದಳು. ಆ ಕಾರಣಕ್ಕೆ ಅವಳ ಮದುವೆ ಆಗಲಿಲ್ಲ. ಅವಳಿಗೆ ಹದಿನೈದು ವರ್ಷವಿದ್ದಾಗ ತಾಯಿ ತೀರಿಕೊಂಡಳು. ಆಗ ತಮ್ಮನಿಗೆ ನಾಲ್ಕು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅವಳು ಊರವರ ಮನೆಯಲ್ಲಿ ಬೀಸುವ ಕಲ್ಲು ತಿರುವಿ ತಮ್ಮನನ್ನು ಸಾಕಿದಳು, ಓದಿಸಿದಳು, ಗಿರಣಿ ಹಾಕಿಸಿದಳು. ಅವಳು ತಾಯಿಯಾಗಲು ಯೋಗ್ಯಳೋ ಅಲ್ಲವೋ ಎಂದು ನೋಡಲು ಯಾವ ಅಧಿಕಾರಿಯೂ ಬರಲಿಲ್ಲ. ಬಂದಿದ್ದರೆ, ಮೂರ್ಛೆ ಬೀಳುವ ಹುಡುಗಿಯ ಕೈಗೆ ಮಗು ಕೊಡಬೇಡಿ ಎಂದು ಬರೆಯುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಮಗುವಂತೂ ಬೆಳೆಯಿತು.

ಗಿರಣಿಯವನಿಗೆ ಮಕ್ಕಳಾಗಲಿಲ್ಲ. ಆಸ್ಪತ್ರೆ ಸುತ್ತಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕೊನೆಗೆ ದತ್ತು ತೆಗೆದುಕೊಳ್ಳೋಣ ಎಂದು ಮೊದಲು ಹೇಳಿದವಳು ಅಕ್ಕನೇ. ಅರ್ಜಿ ಹೋಯಿತು. ಮನೆ ನೋಡಲು ಬರುವ ದಿನ ಗೊತ್ತಾಯಿತು.

ಗಿರಣಿಯವನು ಮನೆಗೆ ಸುಣ್ಣ ಹೊಡೆಸಿದ. ಹೊಸ ಪರದೆ ಹಾಕಿಸಿದ. ಆಮೇಲೆ ಮನೆಯನ್ನು ಅಧಿಕಾರಿಯ ಕಣ್ಣಿನಿಂದ ಒಮ್ಮೆ ನೋಡಿದ. ಎಲ್ಲ ಚೆನ್ನಾಗಿತ್ತು. ಮೂಲೆಯಲ್ಲಿ ಅಕ್ಕ ಕೂತು ಸೊಪ್ಪು ಸೋಸುತ್ತಿದ್ದಳು. ಅವಳ ಹಣೆಯ ಮೇಲೆ ಬಿದ್ದು ಆದ ಗಾಯದ ಗುರುತಿತ್ತು. ಅಂದು ರಾತ್ರಿ ಗಂಡಹೆಂಡತಿ ಒಬ್ಬರಿಗೊಬ್ಬರು ಏನೂ ಹೇಳಲಿಲ್ಲ. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಒಂದೇ ಮಾತು, ಬಾಯಿಬಿಟ್ಟು ಹೇಳುವ ಪಾಪ ಇನ್ನೊಬ್ಬರಿಗೆ ಬರಲಿ ಎಂದು ಕಾಯುತ್ತಿದ್ದರು. ಬೆಳಿಗ್ಗೆ ಗಂಡನೇ ಹೇಳಿದ.

‘ಅಕ್ಕಾ, ಇವತ್ತೊಂದಿನ ಗಿರಣಿ ಹಿಂದಿನ ಖೋಲ್ಯಾಗ ಇರ್ತೀಯೇನು? ಸಂಜಿಕ್ಕ ನಾನೇ ಬಂದು ಕರಕೊಂಡು ಬರ್ತೀನಿ.’

ಅವಳು ಯಾಕೆ ಎಂದು ಕೇಳಲಿಲ್ಲ. ‘ಬುತ್ತಿ ನೀ ತಂದು ಕೊಡ್ತೀಯೋ, ನಾನೇ ಕಟಗೊಂಡು ಹೋಗ್ಲೋ?’ ಎಂದಷ್ಟೇ ಕೇಳಿದಳು. ತಾನೇ ಕಟ್ಟಿಕೊಂಡು ಹೋದಳು.

ಅಧಿಕಾರಿ ಒಬ್ಬ ಹೆಣ್ಣುಮಗಳು. ಅವಸರವಿಲ್ಲದೆ ಮಾತಾಡಿದರು. ಮನೆಯಲ್ಲಿ ಎಷ್ಟು ಜನ ಎಂದರು. ಇಬ್ಬರೇ ಎಂದ ಗಿರಣಿಯವನು. ಅವರು ಬರೆದುಕೊಂಡರು. ಚಹಾ ಕುಡಿಯುತ್ತ ಇನ್ನೊಂದು ಪ್ರಶ್ನೆ ಕೇಳಿದರು. ಅದು ಅವರು ಎಲ್ಲರಿಗೂ ಕೇಳುವ ಪ್ರಶ್ನೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಯಾವ ಪ್ರಶ್ನೆಯೂ ಸಾಧಾರಣವಲ್ಲ.

‘ತಾಯಿ ನೀವು ಸಣ್ಣವರಿದ್ದಾಗಲೇ ಹೋದರು ಅಂತ ಬರೆದೀರಿ. ನಿಮ್ಮನ್ನ ಸಾಕಿದವರು ಯಾರು?’

‘ನಮ್ಮಕ್ಕ.’

‘ಈಗ ಎಲ್ಲಿದ್ದಾರೆ?’

‘ತೀರಿಕೊಂಡಳ್ರೀ.’

ಅಧಿಕಾರಿ ‘ಪಾಪ’ ಎಂದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಲೆ ತಗ್ಗಿಸಿದಳು. ಹತ್ತಿದ ಏಣಿ ಒದ್ದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ ಮುರಿಗೆಪ್ಪಾ. ಏಣಿ ಸುಟ್ಟು ಬೂದಿಯಾಯಿತು ಎಂದು ಬರೆಸಿಕೊಟ್ಟವನು ಇವನೊಬ್ಬನೇ. ಸಂಜೆ ಅಕ್ಕನನ್ನು ಕರೆತರುವಾಗ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಮಾತ್ರ ದಾರಿಯುದ್ದಕ್ಕೂ ಮಗುವಿಗೆ ಯಾವ ಬಣ್ಣದ ಬಟ್ಟೆ ಹೊಲಿಸಬೇಕೆಂದು ಮಾತಾಡುತ್ತಿದ್ದಳು.

ಒಪ್ಪಿಗೆ ಸಿಕ್ಕಿತು. ವರ್ಷ ಕಳೆಯುವುದರೊಳಗೆ ಆರು ವರ್ಷದ ಹೆಣ್ಣುಮಗು ಮನೆಗೆ ಬಂತು.

ಮಗು ಮೊದಲು ಹೊಂದಿಕೊಂಡದ್ದು ಅಕ್ಕನ ಜೊತೆಗೆ. ಉಳಿದವರಿಬ್ಬರಿಗೆ ತಾವು ಒಳ್ಳೆಯ ತಂದೆತಾಯಿ ಎಂದು ತೋರಿಸಿಕೊಳ್ಳುವ ಆತುರವಿತ್ತು, ಅಕ್ಕನಿಗೆ ಅದಿರಲಿಲ್ಲ. ಮಗು ಅವಳನ್ನು ಅತ್ತಿ ಎಂದು ಕರೆಯುತ್ತಿತ್ತು, ಅವಳ ಪಕ್ಕದಲ್ಲೇ ಮಲಗುತ್ತಿತ್ತು. ಮೊದಲ ಸಲ ಅವಳು ಮೂರ್ಛೆ ಬಿದ್ದಾಗ ಹೆದರಿ ಅತ್ತಿತು. ಎರಡನೆಯ ಸಲ ಅವಳ ತಲೆಯ ಕೆಳಗೆ ತನ್ನ ಲಂಗ ಮಡಿಸಿ ಇಟ್ಟಿತು. ಆಮೇಲೆ ಅದು ಮನೆಯ ಕೆಲಸಗಳಲ್ಲಿ ಒಂದಾಯಿತು.

ಮಗು ಹೇಗಿದೆ ಎಂದು ನೋಡಲು ಆರು ತಿಂಗಳಿಗೊಮ್ಮೆ ಅಧಿಕಾರಿ ಬರುತ್ತಾರೆ. ಇದು ಗಿರಣಿಯವನಿಗೆ ಗೊತ್ತಿತ್ತು, ಆದರೆ ಅಕ್ಕನನ್ನು ಸಾಯಿಸುವ ಹೊತ್ತಿನಲ್ಲಿ ನೆನಪಾಗಿರಲಿಲ್ಲ. ಅವರು ಬರುವ ಸುದ್ದಿ ತಿಳಿದದ್ದೇ ಅಕ್ಕ ಬುತ್ತಿ ಕಟ್ಟಿಕೊಂಡಳು. ಈ ಸಲ ಅವನು ಕೇಳಬೇಕಾಗಿಯೂ ಬರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ, ಸದ್ಯ ಕೇಳುವ ಕೆಲಸ ತಪ್ಪಿತು ಎಂದು ಹಗುರವೂ ಆಯಿತು. ಆ ಹಗುರಕ್ಕೆ ಇನ್ನಷ್ಟು ನಾಚಿಕೆಯಾಯಿತು.

‘ಅತ್ತಿ ಯಾಕ ಹೋದ್ಲು?’ ಎಂದು ಮಗು ಕೇಳಿತು.

ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಅವನಿಗೆ ಅನಿಸಿತು. ಎಂಥ ಹೊತ್ತಿನಲ್ಲಿ ಅನಿಸಿತು ನೋಡು. ‘ಅತ್ತಿಗೆ ಮೈಯಾಗ ಆರಾಮಿಲ್ಲ. ಮೇಡಂ ಬಂದಾಗ ಆರಾಮ ಇಲ್ಲದವರು ಮನ್ಯಾಗ ಇರಬಾರದು. ನೀನೂ ಅವರ ಮುಂದ ಅತ್ತಿ ಹೆಸರು ಹೇಳಬ್ಯಾಡ,’ ಎಂದ. ಮಗು ತಲೆಯಾಡಿಸಿತು. ಅಧಿಕಾರಿ ಬಂದು, ಮಗುವಿನ ಜೊತೆ ಮಾತಾಡಿ, ಸಂತೋಷದಿಂದ ಹೋದರು. ಮಗು ಒಂದು ಮಾತನ್ನೂ ತಪ್ಪಿ ಆಡಲಿಲ್ಲ.

ಮತ್ತೆ ಆರು ತಿಂಗಳಾಯಿತು. ಅಧಿಕಾರಿ ಬರುವ ದಿನ ಅಕ್ಕ ಬೆಳಿಗ್ಗೆಯೇ ಹೋದಳು. ಮಗುವಿಗೆ ಸ್ವಲ್ಪ ಮೈ ಬಿಸಿಯಾಗಿತ್ತು. ಮಲಗಿರು ಎಂದು ಹೇಳಿ ತಾಯಿ ಉಪ್ಪಿಟ್ಟು ಮಾಡಲು ಒಳಗೆ ಹೋದಳು. ಅಧಿಕಾರಿ ಬಂದು ಕುರ್ಚಿಯಲ್ಲಿ ಕೂತರು. ಮಗುವನ್ನು ಕರೆದರೆ ಮಗು ಇಲ್ಲ.

ಮನೆಯಲ್ಲಿ ಹುಡುಕಿದರು, ಹಿತ್ತಲಲ್ಲಿ ಹುಡುಕಿದರು, ಓಣಿಯ ಬಾವಿಯಲ್ಲಿ ಇಣುಕಿ ನೋಡಿದರು. ತಾಯಿ ಅಳಲು ಶುರುಮಾಡಿದಳು. ಅಧಿಕಾರಿಯ ಮುಖ ಬಿಳಿಚಿತು. ಆಗ ಓಣಿಯಲ್ಲಿ ಹಾಲು ಹಾಕುವವಳು ಹೇಳಿದಳು, ಹುಡುಗಿ ಗಂಟು ಹಿಡಿದುಕೊಂಡು ಗಿರಣಿಯ ಕಡೆ ಹೋದದ್ದನ್ನು ನೋಡಿದೆ ಎಂದು. ಗಿರಣಿಯವನು ಓಡಿದ. ಅಧಿಕಾರಿಯೂ ಹಿಂದೆಯೇ ಬಂದರು. ನೀವು ಬರಬೇಡಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಹಿಂದಿನ ಕೋಣೆಯ ಬಾಗಿಲು ತಳ್ಳಿದ. ಹಿಟ್ಟಿನ ಚೀಲಗಳ ನಡುವೆ ಅಕ್ಕ ಕೂತಿದ್ದಳು. ಅವಳ ತೊಡೆಯ ಮೇಲೆ ಮಗು ಮಲಗಿತ್ತು. ಪಕ್ಕದಲ್ಲಿ ಅದರ ಬಟ್ಟೆಯ ಗಂಟು ಇತ್ತು. ಅವನನ್ನು ನೋಡಿ ಮಗು ಎದ್ದು ಕೂತು, ಮೆಲ್ಲಗೆ ಹೇಳಿತು.

‘ಅಪ್ಪಾ, ನನಗ ಜ್ವರ ಬಂದಾವ. ಮೇಡಂ ಹೋದ ಮ್ಯಾಲೆ ಕರಿಯಾಕ ಬಾ.’

ಅವನ ಹೆಗಲ ಹಿಂದೆ ಅಧಿಕಾರಿ ನಿಂತಿದ್ದರು. ಮಗುವನ್ನು ನೋಡಿದರು, ಗಂಟನ್ನು ನೋಡಿದರು. ಆಮೇಲೆ ಅಕ್ಕನನ್ನು ನೋಡಿ, ‘ನೀವು ಯಾರಮ್ಮ?’ ಎಂದರು.

‘ನಾ ಇಲ್ಲಿ ಕಸಾ ಹೊಡಿಯಾಕಿ ರೀ,’ ಎಂದಳು ಅಕ್ಕ. ‘ಹುಡುಗಿ ಆಡಕೋಂತ ಬಂದೈತಿ.’

ಮಗು ಏನೂ ಹೇಳಲಿಲ್ಲ. ಹೇಳಬಾರದೆಂದು ಅದಕ್ಕೆ ಕಲಿಸಲಾಗಿತ್ತು. ಅದು ಅಪ್ಪನನ್ನು ನೋಡಿತು. ಗಿರಣಿಯವನಿಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಆದರೆ ಅವನು ಮಾಡಿದ್ದಕ್ಕೆ ಭೂಮಿ ಯಾಕೆ ಬಾಯಿ ಬಿಡಬೇಕು? ಅವನೇ ಬಿಡಬೇಕಾಯಿತು.

‘ಈಕಿ ನಮ್ಮಕ್ಕ ರೀ. ನನ್ನ ಸಾಕಿದಾಕಿ,’ ಎಂದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ.

‘ಮಗುವನ್ನು ವಾಪಸು ಕರೆದುಕೊಂಡು ಹೋದರೇ?’

‘ನಿನಗೂ ಅದೊಂದೇ ಭಯ,’ ಎಂದರು ಗುರುಗಳು. ‘ಇಲ್ಲ. ಅಧಿಕಾರಿ ಬಹಳ ಹೊತ್ತು ಆ ಚೀಲಗಳ ನಡುವೆಯೇ ಕೂತಿದ್ದರು. ಮೊದಲನೆಯ ದಿನವೇ ಹೇಳಿದ್ದರೆ, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ಸಂತೋಷದಿಂದ ಬರೆಯುತ್ತಿದ್ದೆ ಎಂದರು. ಸುಳ್ಳು ಹೇಳಿದ್ದನ್ನು ವರದಿಯಲ್ಲಿ ಬರೆದರು. ಗಿರಣಿಯವನನ್ನು ತಮ್ಮ ಮೇಲಧಿಕಾರಿಗಳ ಮುಂದೆ ನಿಲ್ಲಿಸಿ ಬೈಯಿಸಿದರು. ಮಗು ಮಾತ್ರ ಆ ಮನೆಯಲ್ಲೇ ಉಳಿಯಿತು. ಅಕ್ಕ ಮತ್ತೆಂದೂ ಗಿರಣಿಯ ಹಿಂದಿನ ಕೋಣೆಗೆ ಹೋಗಲಿಲ್ಲ.’

ಮುರಿಗೆಪ್ಪ ಉಸಿರು ಬಿಟ್ಟ. ‘ಹಾಗಾದರೆ ಎಲ್ಲ ಸರಿಹೋಯಿತು.’

‘ಸರಿಹೋಯಿತೇ? ಆ ಮಗು ಈಗ ಬೆಳೆದು ದೊಡ್ಡವಳಾಗಿದ್ದಾಳೆ. ಇವತ್ತಿಗೂ ಒಂದು ನೆಗಡಿ ಬಂದರೆ ಯಾರಿಗೂ ಹೇಳುವುದಿಲ್ಲ. ಮನೆಗೆ ಹೊಸಬರು ಬಂದರೆ ಮೊದಲು ಅಪ್ಪನ ಮುಖ ನೋಡುತ್ತಾಳೆ, ತಾನು ಇರಬೇಕೋ ಹೋಗಬೇಕೋ ಎಂದು. ಪ್ರತಿ ಸಲವೂ ಅವನು ಇರು ಮಗಳೇ ಎನ್ನುತ್ತಾನೆ. ಅವಳು ಪ್ರತಿ ಸಲವೂ ನೋಡುತ್ತಾಳೆ.’

ಮುರಿಗೆಪ್ಪ ಎದ್ದು ಹೊರಡಲು ಅನುವಾದ. ಗುರುಗಳು ಅವನನ್ನು ತಡೆದು ಕೇಳಿದರು.

‘ಸೋಮವಾರ ನೀನು ಮರೆಯಲ್ಲಿಡಬೇಕೆಂದಿರುವವರ ಹೆಸರೇನು?’