ಕೊನೆಯ ಚೆಂಡು

“ಗುರುಗಳೇ, ಸೋಲುವುದಕ್ಕೆಂದೇ ಕೂರಿಸಿದವನು ಏನು ಕಲಿಯುತ್ತಾನೆ?” ಎಂದು ಶಿಷ್ಯ ಕೇಳಿದ.

ಕೇಳುವುದಕ್ಕೆ ಅವನಿಗೆ ಕಾರಣವಿತ್ತು. ಆ ಮಠದಲ್ಲಿ ದಿನವೂ ಸಂಜೆ ಇಬ್ಬರು ಎದುರುಬದುರು ಕೂತು ವಾದ ಮಾಡುತ್ತಿದ್ದರು. ಗುರುಗಳು ಕಲಿಸಿದ ಸಿದ್ಧಾಂತವನ್ನು ಹೇಳುವವನು ಹಿರಿಯ ಶಿಷ್ಯ. ಇವನದು ಅದನ್ನು ಅಲ್ಲಗಳೆಯುವ ಪೂರ್ವಪಕ್ಷ. ಎಷ್ಟೇ ಚೆನ್ನಾಗಿ ವಾದಿಸಿದರೂ ಕೊನೆಯ ಮಾತನ್ನು ಹಿರಿಯವನಿಗೆ ಬಿಟ್ಟುಕೊಟ್ಟು ಏಳಬೇಕೆಂದು ಗುರುಗಳ ಅಪ್ಪಣೆ. ಹಿರಿಯವನು ಊರೂರಿನ ಸಭೆಗಳಲ್ಲಿ ಗೆದ್ದು ಶಾಲು ಹೊದ್ದು ಬರುತ್ತಿದ್ದ. ಇವನು ಆ ಶಾಲುಗಳನ್ನು ಮಡಿಸಿ ಇಡುತ್ತಿದ್ದ. ಅಂದು ಶಾಲು ಮಡಿಸುವಾಗ ಇವನಿಗೆ ಹೊಟ್ಟೆ ಉರಿದುಹೋಗಿತ್ತು.

ಗುರುಗಳು ಚಾಪೆಯ ಮೇಲೆ ಸ್ವಲ್ಪ ಸರಿದು ಅವನಿಗೂ ಜಾಗ ಮಾಡಿದರು.

“ಫುಟ್‌ಬಾಲ್ ಆಟ ನೋಡಿದ್ದೀಯಾ?” ಎಂದರು.

ಗುರುಗಳ ಬಾಯಲ್ಲಿ ಈ ಮಾತು ಬರುತ್ತದೆಂದು ಶಿಷ್ಯ ಕನಸಿನಲ್ಲೂ ಎಣಿಸಿರಲಿಲ್ಲ. ಮೆಲ್ಲಗೆ ತಲೆಯಾಡಿಸಿದ. ಅವರು ಹೇಳತೊಡಗಿದರು.

ಒಂದು ತಂಡದಲ್ಲಿ ಇಬ್ಬರು ಗೋಲ್‌ಕೀಪರುಗಳಿದ್ದರು. ಆಟವೇ ಕಸುಬಾದವರ ದೊಡ್ಡ ತಂಡ ಅದು. ಮೊದಲನೆಯವನು ಪಂದ್ಯ ಆಡುತ್ತಿದ್ದ. ಎರಡನೆಯವನು ಬೆಂಚಿನ ಮೇಲೆ ಕೂತು ಪಂದ್ಯ ನೋಡುತ್ತಿದ್ದ. ಟಿಕೆಟ್ಟಿಲ್ಲದೆ ಎಲ್ಲರಿಗಿಂತ ಹತ್ತಿರದಿಂದ ಆಟ ನೋಡುವ ಭಾಗ್ಯವಂತ ಎಂದು ಊರವರು ಅವನನ್ನು ಗೇಲಿ ಮಾಡುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ. ನಕ್ಕು ಮನೆಗೆ ಬಂದ ಮೇಲೆ ಊಟ ಸೇರುತ್ತಿರಲಿಲ್ಲ.

ಅದೇ ತಂಡದಲ್ಲಿ ಒಬ್ಬ ಸ್ಟ್ರೈಕರ್ ಇದ್ದ. ಗೋಲು ಹೊಡೆಯುವುದೇ ಅವನ ಕೆಲಸ. ಕಾಲು ಬಂಗಾರದಂಥದು, ಮನಸ್ಸು ಮಾತ್ರ ಹಪ್ಪಳ. ಅಭ್ಯಾಸದ ಕೊನೆಯಲ್ಲಿ ಒಂದು ಚೆಂಡು ತಪ್ಪಿದರೂ ಮುಂದಿನ ಪಂದ್ಯದವರೆಗೆ ಅದನ್ನೇ ಕೊರಗುತ್ತಿದ್ದ. ಆಗ ಪಂದ್ಯವೂ ಕೆಡುತ್ತಿತ್ತು. ಇದಕ್ಕೆ ಕೋಚ್ ಒಂದು ಉಪಾಯ ಹೂಡಿದ. ಎರಡನೆಯವನನ್ನು ಪಕ್ಕಕ್ಕೆ ಕರೆದ.

“ನೋಡಪ್ಪಾ, ಅಭ್ಯಾಸ ಮುಗಿಯುವಾಗ ಅವನು ಒಂದು ಪೆನಾಲ್ಟಿ ಒದೆಯುತ್ತಾನೆ. ಆ ಕೊನೆಯ ಚೆಂಡು ಗೋಲಾಗಬೇಕು. ನೀನು ಬೇಕೆಂದೇ ಬಿಟ್ಟೆ ಅಂತ ಅವನಿಗೆ ಗೊತ್ತಾಗಬಾರದು. ಮಿಕ್ಕ ಚೆಂಡುಗಳನ್ನು ನಿನ್ನ ಕೈಲಾದಷ್ಟು ಹಿಡಿ.”

ಪೆನಾಲ್ಟಿಯೆಂದರೆ ನಡುವೆ ಯಾರೂ ಇರುವುದಿಲ್ಲ. ಒದೆಯುವವನೊಬ್ಬ, ಹಿಡಿಯುವವನೊಬ್ಬ. ಅಲ್ಲಿ ಸೋಲುವುದು ಸುಲಭವೆಂದು ನಿನಗೆ ಅನ್ನಿಸಬಹುದು. ಆದರೆ ಸುಮ್ಮನೆ ನಿಂತುಬಿಟ್ಟರೆ ನಾಟಕವೆಂದು ತಿಳಿಯುತ್ತದೆ. ಚೆಂಡು ಎಡಕ್ಕೆ ಹೋಗುವಾಗ ಜೀವ ಬಿಟ್ಟು ಬಲಕ್ಕೆ ಹಾರಬೇಕು. ದಿನವೂ ತಪ್ಪು ದಿಕ್ಕಿಗೇ ಬೀಳಬೇಕಾದರೆ ಸರಿಯಾದ ದಿಕ್ಕು ಮೊದಲೇ ಗೊತ್ತಿರಬೇಕು.

ಎರಡನೆಯವನು ಅದನ್ನು ಕಲಿತ. ಸ್ಟ್ರೈಕರ್ ಚೆಂಡನ್ನು ನೆಲದ ಮೇಲೆ ಇಡುವ ಬಗೆ, ಉಸಿರು ಬಿಡುವ ಹೊತ್ತು, ಒದೆಯುವ ಮುನ್ನ ಇನ್ನೊಂದು ಕಾಲನ್ನು ಊರುವ ರೀತಿ, ಎಲ್ಲವನ್ನೂ ನೋಡಿ ನೋಡಿ ಕಲಿತ. ಚೆಂಡು ಎತ್ತ ಹೋಗುತ್ತದೆಂಬುದು ಒದೆಯುವವನಿಗಿಂತ ಮೊದಲು ಇವನಿಗೆ ತಿಳಿಯತೊಡಗಿತು. ತಿಳಿದ ಕೂಡಲೇ ಇನ್ನೊಂದು ಕಡೆಗೆ ಹಾರುತ್ತಿದ್ದ. ಸ್ಟ್ರೈಕರ್ ಎದೆಯುಬ್ಬಿಸಿ ಮನೆಗೆ ಹೋಗುತ್ತಿದ್ದ. ಪಂದ್ಯದ ದಿನ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ.

ಹೀಗೆ ಎಷ್ಟೋ ವರ್ಷ ನಡೆಯಿತು. ಹಳೆಯ ಕೋಚ್ ನಿವೃತ್ತನಾದ, ಹೋಗುವಾಗ ಈ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಹೊಸ ಕೋಚಿಗೆ ಒಂದು ನಂಬಿಕೆಯಿತ್ತು. ದಣಿದು ಸುಸ್ತಾದಾಗ ಬರುವ ಕೊನೆಯ ಚೆಂಡಿನಲ್ಲೇ ಆಟಗಾರನ ಅಸಲಿತನ ಗೊತ್ತಾಗುತ್ತದೆ ಎನ್ನುತ್ತಿದ್ದ. ಎರಡನೆಯವನು ಮಿಕ್ಕವನ್ನೆಲ್ಲ ಹಿಡಿದು ಕೊನೆಯದನ್ನು ಮಾತ್ರ ಬಿಡುವುದನ್ನು ಈ ಕೋಚ್ ನೋಡಿದ. ಇವನಿಗೆ ಗುಂಡಿಗೆ ಸಾಲದು ಎಂದು ತೀರ್ಮಾನಿಸಿದ. ಎರಡನೆಯವನು ಎರಡನೆಯವನಾಗಿಯೇ ಉಳಿದ.

ನಿಜ ಸಂಗತಿ ಹೇಳಿಬಿಡಬಹುದಿತ್ತು. ಹೇಳಿದರೆ ಅದು ಸ್ಟ್ರೈಕರನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಬಿದ್ದರೆ ಅವನ ಆಟ ಅಲ್ಲಿಗೇ ಮುಗಿಯುತ್ತಿತ್ತು. ಎರಡನೆಯವನು ಬಾಯಿಗೆ ಬೀಗ ಹಾಕಿಕೊಂಡ. ದುಃಖವಾಗಲಿಲ್ಲವೆಂದು ತಿಳಿಯಬೇಡ. ಬಹಳ ದುಃಖವಾಯಿತು.

ಕೊನೆಗೊಂದು ವರ್ಷ ಸ್ಟ್ರೈಕರ್ ಈ ತಂಡ ಬಿಟ್ಟು ಇನ್ನೊಂದಕ್ಕೆ ಸೇರಿದ. ಆ ಕಸುಬಿನಲ್ಲಿ ಅದು ತಪ್ಪೇನಲ್ಲ. ಅದೇ ವರ್ಷ ಫೈನಲ್ ಪಂದ್ಯದಲ್ಲಿ ಎರಡೂ ತಂಡಗಳು ಎದುರಾದವು.

ಎರಡನೆಯವನ ತಂಡ ಒಂದು ಗೋಲು ಮುಂದಿತ್ತು. ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ಮೊದಲನೆಯ ಗೋಲ್‌ಕೀಪರ್ ಎದುರಾಳಿಯೊಬ್ಬನನ್ನು ಕೆಡವಿ ತಾನೂ ಭುಜ ಮುರಿದುಕೊಂಡ. ರೆಫರಿ ಎದುರಾಳಿಗಳಿಗೆ ಪೆನಾಲ್ಟಿ ಕೊಟ್ಟ. ಕೋಚ್ ಬೆಂಚಿನ ಕಡೆಗೆ ತಿರುಗಿದ. ಅಲ್ಲಿದ್ದ ಗೋಲ್‌ಕೀಪರ್ ಒಬ್ಬನೇ. ಕೋಚ್‌ನ ಮುಖ ಸಪ್ಪಗಾಯಿತು.

ಎರಡನೆಯವನು ಕೈಗವಸು ಹಾಕಿಕೊಂಡು ಒಳಗೆ ಹೋದ. ವಯಸ್ಸು ಮೀರುತ್ತಿತ್ತು, ಇನ್ನೊಂದು ಪಂದ್ಯ ಸಿಗುವ ಭರವಸೆಯಿರಲಿಲ್ಲ. ಈ ಚೆಂಡು ಒಳಗೆ ಹೋದರೆ ಕೋಚ್ ತಿಳಿದದ್ದೂ ನಿಜವಾಗುತ್ತಿತ್ತು, ಊರವರ ಗೇಲಿಯೂ ನಿಜವಾಗುತ್ತಿತ್ತು. ಚೆಂಡಿನ ಹಿಂದೆ ಅದೇ ಸ್ಟ್ರೈಕರ್ ನಿಂತಿದ್ದ. ಇವನನ್ನು ಕಂಡದ್ದೇ ಅವನ ಮುಖ ಅರಳಿತು. ಇವನ ಎದುರು ಕೊನೆಯ ಚೆಂಡು ಅವನಿಗೆ ಎಂದೂ ತಪ್ಪಿರಲಿಲ್ಲ.

ಸ್ಟ್ರೈಕರ್ ಉಸಿರು ಬಿಟ್ಟ. ಓಡಿ ಬಂದು ಕಾಲು ಊರಿದ. ಎಡಕ್ಕೆ ಎಂದು ಎರಡನೆಯವನಿಗೆ ತಿಳಿಯಿತು. ತಿಳಿದ ಕೂಡಲೇ ಮೈ ಬಲಕ್ಕೆ ಎಳೆಯಿತು. ವರ್ಷಗಟ್ಟಲೆ ಅದು ಕಲಿತದ್ದು ಅದನ್ನೇ. ಮಂಡಿ ಆ ಕಡೆಗೆ ಬಾಗತೊಡಗಿತ್ತು. ಅಭ್ಯಾಸ ಮುಗಿಯಿತು, ಇದು ಆಟ ಎಂದು ಅವನು ತನ್ನ ಮೈಗೆ ತಾನೇ ಹೇಳಿದ. ಹೇಳಿ ಅದನ್ನು ಎಡಕ್ಕೆ ಎಸೆದ.

ಚೆಂಡು ಬಂದು ಎರಡೂ ಅಂಗೈಗಳ ನಡುವೆ ಕೂತಿತು. ಅವನು ಅದನ್ನು ತಳ್ಳಿ ಹೊರಗೆ ಹಾಕಲಿಲ್ಲ, ಹಿಡಿದೇ ಬಿಟ್ಟ. ಎದೆಗವುಚಿಕೊಂಡು ನೆಲದ ಮೇಲೆ ಮಲಗಿಬಿಟ್ಟ. ಇಡೀ ಮೈದಾನ ಎದ್ದು ನಿಂತಿತು. ಆಟ ಮುಗಿಯಿತೆಂದು ರೆಫರಿ ಊದಿದ ಸೀಟಿ ಯಾರಿಗೂ ಕೇಳಿಸಲಿಲ್ಲ. ಗೇಲಿ ಮಾಡುತ್ತಿದ್ದ ಊರವರೇ ಬೇಲಿ ಹಾರಿ ಬಂದು ಅವನನ್ನು ಹೆಗಲ ಮೇಲೆ ಹೊತ್ತರು. ಕೋಚ್ ಓಡಿ ಬಂದು ಅವನ ಕೈ ಹಿಡಿದುಕೊಂಡ. ಎರಡನೆಯವನು ಹೆಗಲ ಮೇಲೆ ಕೂತು ಅಳುತ್ತಿದ್ದ, ನಗುತ್ತಿದ್ದ. ಅಂದು ರಾತ್ರಿ ಅವನಿಗೆ ಊಟ ಸೇರಿತು.

ಅದಕ್ಕೂ ಮೊದಲು, ಗದ್ದಲದ ನಡುವೆ ದಾರಿ ಮಾಡಿಕೊಂಡು ಸ್ಟ್ರೈಕರ್ ಬಂದ. ಅವನಿಗೆ ಎಲ್ಲವೂ ಅರ್ಥವಾಗಿತ್ತು.

“ಇಷ್ಟು ವರ್ಷ ಯಾಕೆ ಬಿಟ್ಟೆ ಮಾರಾಯ?” ಎಂದು ಕೇಳಿದ.

“ಆಗ ನೀನು ನಮ್ಮವನಾಗಿದ್ದೆ” ಎಂದ ಎರಡನೆಯವನು.

ಪಂದ್ಯ ಮುಗಿದ ಮೇಲೆ ಎದುರಾಳಿಯೊಡನೆ ಅಂಗಿ ಬದಲಿಸಿಕೊಳ್ಳುವುದು ಆ ಆಟಗಾರರಲ್ಲಿ ಒಂದು ಪದ್ಧತಿ. ಸ್ಟ್ರೈಕರ್ ತನ್ನ ಅಂಗಿ ಕಳಚಿ ಕೊಟ್ಟ. ಬೆವರೇ ತಾಗದ ಅಂಗಿಯನ್ನು ಎರಡನೆಯವನಿಂದ ಈಸಿಕೊಂಡು ತೊಟ್ಟುಕೊಂಡ.

ಮುಂದಿನ ವರ್ಷದಿಂದ ಎರಡನೆಯವನೇ ಮೊದಲನೆಯವನಾದ. ತಂಡಕ್ಕೆ ನಾಯಕನಾದ, ಗೆದ್ದ ಕಪ್‌ಗಳನ್ನು ಎತ್ತಿ ಹಿಡಿದ. ಆದರೆ ಅಭ್ಯಾಸ ಮುಗಿಯುವಾಗ ತಂಡದ ಹೊಸ ಸ್ಟ್ರೈಕರ್ ಕೊನೆಯ ಚೆಂಡು ಒದ್ದರೆ, ಇವನು ಜೀವ ಬಿಟ್ಟು ಹಾರಿ ತಪ್ಪು ದಿಕ್ಕಿಗೇ ಬೀಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡ. ಆದರೂ ಅವನ ಹೊಟ್ಟೆಯ ಉರಿ ಪೂರ್ತಿ ಆರಿರಲಿಲ್ಲ.

“ಅವನಿಗೆ ಒಂದು ಪಂದ್ಯವಾದರೂ ಸಿಕ್ಕಿತು ಗುರುಗಳೇ. ನನ್ನ ಪಂದ್ಯ ಎಲ್ಲಿದೆ?” ಎಂದ.

ಗುರುಗಳು ಚಾಪೆಯಿಂದ ಎದ್ದರು.

“ನಾಳೆ ಸಂಜೆ ನಿನ್ನ ಎದುರಿಗೆ ವಾದಕ್ಕೆ ನಾನು ಕೂರುತ್ತೇನೆ, ಕೊನೆಯ ಮಾತು ಬಿಟ್ಟುಕೊಡಬೇಡ.”